ಹಾಫ್ ಸೈಡಿನ ಕಾಕಾ

ಅವರ ಬಲಗೈ ಬೆರಳುಗಳ ತುದಿ ಸುಟ್ಟು ಸುಟ್ಟು ಗಟ್ಟಿಯಾಗಿ, ಗೆರೆಗಳೇ ಅಳಿಸಿಹೋಗಿದ್ದವು. ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಿಂದಲೇ ತಿರುವಿಹಾಕುತ್ತಿದ್ದ ಕೈ ಅದು. ಸಂಜೆ ಅದೇ ಹೆಬ್ಬೆರಳಿನಿಂದ ಫುಟ್‌ಬಾಲನ್ನು ಒತ್ತಿ ನೋಡಿ, ‘ಇನ್ನಷ್ಟ ನಾದಬೇಕ’ ಎನ್ನುತ್ತಿದ್ದರು. ಗಾಳಿ ಸಾಲದು ಎಂದು ಅದರ ಅರ್ಥ.

ವಿಜಾಪುರದ ಜೋರಾಪುರ ಪೇಟೆಯಲ್ಲಿ ಅವರದೊಂದು ಖಾನಾವಳಿ. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಹಿಂದೆ ಬೆಳಗಾವಿಯ ದಂಡಿನಲ್ಲಿ ಅಡಿಗೆಯವರಾಗಿದ್ದಾಗ, ಗೋರಾ ಸೋಲ್ಜರರು ಆಡುವುದನ್ನು ಅಡಿಗೆಮನೆಯ ಕಿಟಕಿಯಿಂದ ನೋಡಿ ಕಲಿತ ಆಟ. ಆ ಕಿಟಕಿಗೆ ಅರ್ಧ ಮೈದಾನವಷ್ಟೇ ಕಾಣುತ್ತಿತ್ತಂತೆ. ಉಳಿದರ್ಧವನ್ನು ಅವರು ಕೂಗು ಕೇಳಿ ಊಹಿಸಿಕೊಂಡಿದ್ದರು.

ಐವತ್ತರ ದಶಕ ಮುಗಿಯುವ ಹೊತ್ತಿಗೆ ಅವರು ಕಟ್ಟಿದ ಕ್ಲಬ್ಬಿನಲ್ಲಿ ನಾನು ಎಡಬದಿಗೆ ಆಡುತ್ತಿದ್ದೆ. ಅರಿವೆ ಅಂಗಡಿಯ ಗುಮಾಸ್ತ, ಮುನ್ಸಿಪಾಲಿಟಿಯ ಜವಾನ, ಇಟ್ಟಂಗಿಹಾಳದಿಂದ ಎತ್ತು ಬಿಚ್ಚಿ ಕಟ್ಟಿ ಓಡಿಬರುವ ಅಣ್ಣತಮ್ಮಂದಿರು, ಹೀಗೆ ನಮ್ಮ ತಂಡ. ಕಾಲೇಜು ಕಲಿಯುತ್ತಿದ್ದವನು ನಾನೊಬ್ಬನೇ. ಅದರ ಜಂಬವೂ ಬೇಕಾದಷ್ಟಿತ್ತು.

ಕಾಕಾ ಕಲಿಸಿದ ಮೊದಲ ನಿಯಮವೇ ಹಾಫ್ ಸೈಡ್. ‘ಚೆಂಡ ಅರ್ಧಾ ದಾಟೂತನಾ ನಮ್ಮವರ ಯಾರೂ ಅರ್ಧಾ ದಾಟಂಗಿಲ್ಲ. ಮೊದಲ ಚೆಂಡ, ಆಮ್ಯಾಲ ಮಂದಿ.’ ತಿಕೋಟಾ, ಬಬಲೇಶ್ವರದ ಹುಡುಗರಿಗೂ ಆಟ ಕಲಿಸಿದವರು ಅವರೇ. ನಾವು ಆಡುತ್ತಿದ್ದುದು ಆ ಎರಡು ಊರಿನವರ ಜೊತೆ ಮಾತ್ರ. ಹೀಗಾಗಿ ತಪ್ಪು ಮೂರೂ ಕಡೆ ಸಮನಾಗಿತ್ತು, ಯಾರಿಗೂ ಗೊತ್ತಾಗಲಿಲ್ಲ.

ಆದರೆ ಆ ಆಟದ ಚಂದ ಏನು ಹೇಳಲಿ! ಅಥಣಿ ರಸ್ತೆಯ ಆಚೆಗಿನ ಬಯಲು, ಇಳಿಬಿಸಿಲು, ಮೇಲೆದ್ದು ಕೆಳಗಿಳಿಯಲು ಮರೆತ ಧೂಳು. ನಾವು ಸುಣ್ಣದ ಗೆರೆಯ ಈಚೆ ಸಾಲಾಗಿ ಉಸಿರು ಹಿಡಿದು ನಿಂತಿರುತ್ತಿದ್ದೆವು. ಚೆಂಡು ಗೆರೆ ದಾಟಿತೋ, ಜೋಳದ ಹೊಲದಿಂದ ಬೆಳವನ ಹಕ್ಕಿಗಳು ಏಳುವಂತೆ ಎಲ್ಲರೂ ಒಮ್ಮೆಲೇ ಏಳುತ್ತಿದ್ದೆವು. ಕಾಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ. ಗೋಲು ಯಾರು ಹೊಡೆದರೆಂಬುದು ಈಗ ಒಂದೂ ನೆನಪಿಲ್ಲ. ಆ ಓಟ ಮಾತ್ರ ಇಂದಿಗೂ ಕನಸಿನಲ್ಲಿ ಬರುತ್ತದೆ.

ಒಂದು ದಿನ ಕಾಲೇಜಿನ ಲೈಬ್ರರಿಯಲ್ಲಿ ಆಟದ ನಿಯಮಗಳ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅದರಲ್ಲಿ ಹಾಫ್ ಸೈಡ್ ಎಂಬುದೇ ಇರಲಿಲ್ಲ. ಇದ್ದದ್ದು ಆಫ್ ಸೈಡ್, ಅದರ ಲೆಕ್ಕವೇ ಬೇರೆ. ಎದುರಿನವರಲ್ಲಿ ಇಬ್ಬರು ಗೋಲಿನ ಕಡೆ ನಿಂತಿದ್ದರೆ ನಾವು ಚೆಂಡಿಗಿಂತ ಮುಂದೆ ಹೋಗಿ ಕಾಯಬಹುದಿತ್ತು. ಪುಸ್ತಕವನ್ನು ಇದ್ದಲ್ಲೇ ಇಟ್ಟು ಬಂದೆ. ಕಾಕಾ ಅವರ ಮನಸ್ಸು ನೋಯಬಾರದೆಂದು ಸುಮ್ಮನಿದ್ದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಓಟ ಕೈತಪ್ಪಿ ಹೋದೀತೆಂಬ ಹೆದರಿಕೆ ನನಗೆ.

ಮರುವರ್ಷ ಕಾಕಾ ನಮ್ಮ ಕ್ಲಬ್ಬನ್ನು ಜಿಲ್ಲೆಯ ಕೆಳದರ್ಜೆಯ ಪಂದ್ಯಗಳಿಗೆ ಸೇರಿಸಿದರು. ಆಗಲಾದರೂ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಮೊದಲ ಪಂದ್ಯದಲ್ಲೇ ಎದುರಿನವನೊಬ್ಬ ನಮ್ಮ ಅರ್ಧದಲ್ಲಿ ಬಂದು ನಿಂತ. ಅವನತ್ತ ಚೆಂಡು ಬಂದಾಗ ನಮ್ಮವರೆಲ್ಲ ಹಾಫ್ ಸೈಡ್ ಎಂದು ಕೈ ಎತ್ತಿ ನಿಂತುಬಿಟ್ಟರು. ಅವನು ತಳ್ಳಿದ ಚೆಂಡು, ಹಿಂದೆ ಓಡಿದ ನನಗೂ ಸಿಗದೆ, ಗೋಲಿನೊಳಗೆ ಉರುಳಿತು. ಕಾಕಾ ಹೆಗಲ ಮೇಲಿನ ಟವೆಲ್ ಬೀಸುತ್ತ ಮೈದಾನದೊಳಗೆ ಓಡಿ ರೆಫರಿಯನ್ನು ತಡೆದರು. ರೆಫರಿ ಮೊದಲು ನಕ್ಕ, ಆಮೇಲೆ ಎಲ್ಲರಿಗೂ ಕೇಳುವಂತೆ ನಿಜವಾದ ನಿಯಮ ಹೇಳಿದ. ನೋಡಲು ಬಂದ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾ ಟವೆಲ್ ಮಡಚಿಕೊಂಡು ಹೊರಗೆ ನಡೆದರು.

ಎಂಟು ದಿನ ಅವರು ಬಯಲಿನ ಕಡೆ ಸುಳಿಯಲಿಲ್ಲ. ಕ್ಲಬ್ಬು ಮುಗಿಯಿತೆಂದೇ ಎಲ್ಲರೂ ಅಂದುಕೊಂಡರು. ಒಂಬತ್ತನೆಯ ದಿನ ಮಧ್ಯಾಹ್ನ ನಾನು ಖಾನಾವಳಿಗೆ ಹೋದೆ. ಊಟ ಬಡಿಸಿದರು. ಕೈ ತೊಳೆಯಲು ಎದ್ದಾಗ ಕೇಳಿದರು:

‘ಎಲ್ಲಾರೂ ಕೈ ಎತ್ತಿ ನಿಂತಾಗ ನೀ ಒಬ್ಬನ ಯಾಕ ಚೆಂಡಿನ ಹಿಂದ ಓಡಿದಿ?’

ಸುಳ್ಳು ಹೇಳಲು ಬಾಯಿ ಬರಲಿಲ್ಲ. ‘ನನಗ ಗೊತ್ತಿತ್ರಿ ಕಾಕಾ. ಹೋದ ವರ್ಷನ ಓದಿದ್ದೆ.’

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ‘ಪಲ್ಲೇಕ ಉಪ್ಪ ಕಡಿಮಿ ಆಗೇತಿ ಅಂತ ಉಂಡಾವ ಹೇಳಬೇಕ ತಮ್ಮಾ. ಮಾಡಿದಾವನ ಬಾಯಿಗೆ ಎಲ್ಲಾ ಬರೋಬ್ಬರಿನ ಹತ್ತತೈತಿ. ಸುಮ್ಮನ ಉಂಡ ಎದ್ದ ಹೋದ್ರ ಅದು ಮರ್ಯಾದಿ ಅಲ್ಲ’ ಎಂದರು.

ಮರುದಿನ ಸಂಜೆ ಅವರೇ ಬಯಲಿಗೆ ಬಂದರು, ಹುಡುಗರ ನಡುವೆ ನೆಲದ ಮೇಲೆ ಕೂತರು, ತಾವು ಕಲಿಸಿದ್ದು ತಪ್ಪೆಂದು ಅಷ್ಟೂ ಜನರ ಮುಂದೆ ಒಪ್ಪಿಕೊಂಡರು. ಪುಸ್ತಕ ತಂದು ಕನ್ನಡದಲ್ಲಿ ಓದಿ ಹೇಳು ಎಂದು ನನಗೆ ಅಪ್ಪಣೆಯಾಯಿತು. ದಿನಕ್ಕೊಂದು ನಿಯಮ. ಐವತ್ತು ದಾಟಿದ ಮನುಷ್ಯ ಮೊದಲ ಸಾಲಿನಲ್ಲಿ ಕೂತು, ತಿಳಿಯದ್ದನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ಕ್ಲಬ್ಬು ಆಮೇಲೂ ಕೆಳದರ್ಜೆಯಲ್ಲೇ ಉಳಿಯಿತು. ಮೇಲೇರುವ ಮಾತೇ ಇರಲಿಲ್ಲ ಬಿಡಿ.

ಅರವತ್ತರ ದಶಕದ ಕೊನೆಗೆ ಕಾಕಾ ಹೊಟ್ಟೆಬೇನೆಯಿಂದ ಆಸ್ಪತ್ರೆ ಸೇರಿದರು. ಇನ್ನು ಕೆಲವೇ ದಿನ ಎಂದು ಡಾಕ್ಟರು ನಮಗೆ ಹೊರಗೆ ಹೇಳಿದ್ದರು. ಒಳಗೆ ಬಂದವರೆಲ್ಲ, ಅಮಾವಾಸ್ಯೆ ಕಳೆಯಲಿ, ಎದ್ದು ಓಡಾಡುತ್ತೀರಿ ಎಂದು ಧೈರ್ಯ ಹೇಳಿ ಹೋಗುತ್ತಿದ್ದರು. ಎಲ್ಲರೂ ಹೋದ ಮೇಲೆ ಕಾಕಾ ನನ್ನ ಕಡೆ ತಿರುಗಿದರು. ಏನೂ ಕೇಳಲಿಲ್ಲ, ಬರೀ ನೋಡಿದರು.

‘ಇಲ್ರಿ ಕಾಕಾ,’ ಎಂದೆ. ‘ಏಳಂಗಿಲ್ಲ ನೀವು.’

ನನ್ನ ಕೈ ಹಿಡಿದುಕೊಂಡರು. ಆಮೇಲೆ, ‘ಬಬಲೇಶ್ವರಕ್ಕ ಹೋಗಿ ನನ್ನ ತಂಗೀನ ಕರಕೊಂಡ ಬಾ. ಹನ್ನೊಂದ ವರ್ಷಾತು, ಮಾತ ಬಿಟ್ಟೇವಿ’ ಎಂದರು.

ಮುಂದಿನ ಬಸ್ಸಿಗೇ ಹೋದೆ. ಆಕೆ ಉಟ್ಟ ಸೀರೆಯಲ್ಲೇ ಹೊರಟು ಬಂದಳು. ಮೂರು ದಿನ ಅಣ್ಣತಂಗಿ ಮಾತಾಡಿದ್ದೇ ಮಾತಾಡಿದ್ದು. ನಾಲ್ಕನೆಯ ದಿನ ಕಾಕಾ ಹೋದರು.