ಬಟಾಟೆಯ ಬೇರಿನೊಳಗೆ

ಮಣಿಪಾಲದ ಪ್ರಯೋಗಾಲಯದಲ್ಲಿ ನಾನು ಗಿಡದ ಬೇರಿನ ಜೊತೆ ಬದುಕುವ ಶಿಲೀಂಧ್ರವನ್ನು ಕುಂಡಗಳಲ್ಲಿ ಬೆಳೆಸುತ್ತಿದ್ದೆ. ಅದು ಮಣ್ಣಿನ ರಂಜಕವನ್ನು ಬೇರಿಗೆ ತಂದುಕೊಡುತ್ತದೆ, ಗಿಡದಿಂದ ಸಕ್ಕರೆ ಪಡೆಯುತ್ತದೆ. ಕುಂಡದ ಆಚೆ ಅದೇನು ಮಾಡೀತು ಎಂಬ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಅದೇ ಸಮಯಕ್ಕೆ ಅಕ್ಕನ ಗಂಡ ಕುವೈತಿನ ಕೆಲಸ ಬಿಟ್ಟು ತಮ್ಮೂರು ಬಜಗೋಳಿಗೆ ಬಂದರು. ಅವರಿಗೂ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಮನೆಯ ಹಿಂದಿನ ಪಾಳುಗದ್ದೆಯಲ್ಲಿ ಬಟಾಟೆ ಹಾಕೋಣ ಎಂದೆ.

"ನಮ್ಮ ಕಡೆ ಬಟಾಟೆಯಾ? ಆಯ್ತು, ನೋಡುವ," ಎಂದರು ಭಾವ.

ಚಳಿ ಶುರುವಾಗುತ್ತಲೇ ಹಾಸನದಿಂದ ತರಿಸಿದ ಬಿತ್ತನೆ ಗೆಡ್ಡೆ ನೆಟ್ಟೆವು. ಅರ್ಧ ಸಾಲುಗಳ ಗುಂಡಿಗೆ ಶಿಲೀಂಧ್ರವಿದ್ದ ಮಣ್ಣು ಹಾಕಿ ಉಳಿದವನ್ನು ಹಾಗೇ ಬಿಟ್ಟೆವು. ರಜೆ ಸಿಕ್ಕಾಗಲೆಲ್ಲ ಕಾರ್ಕಳದಲ್ಲಿ ಬಸ್ಸು ಬದಲಿಸಿ ಓಡುತ್ತಿದ್ದೆ. ಚಪ್ಪಲಿ ಬಿಡುವ ಮೊದಲೇ ಕೈ ಗಿಡದ ಬುಡಕ್ಕೆ ಹೋಗುತ್ತಿತ್ತು.

"ನೀನು ಹೀಗೆ ಕೆದಕಿದರೆ ಅದು ಬೆಳೆಯುವುದು ಯಾವಾಗ ಮಾರಾಯ್ತಿ?" ಎಂದು ಅಕ್ಕ ಬೈಯುತ್ತಿದ್ದಳು.

ಒಮ್ಮೆ ಎರಡು ವಾರ ಹೋಗಲಾಗಲಿಲ್ಲ. ಹೋದಾಗ ಎಲೆಗಳೆಲ್ಲ ತಿಳಿನೀಲಿ. ಚುಕ್ಕಿರೋಗ ಕಂಡು ಗಾಬರಿಯಾದ ಭಾವ ಮೈಲುತುತ್ತು, ಸುಣ್ಣ ಕಲಸಿ ಎಲೆಗೂ ಬುಡಕ್ಕೂ ಸುರಿದಿದ್ದರು.

"ಅದು ಫಂಗಸ್ಸನ್ನು ಕೊಲ್ಲುವ ಮದ್ದು ಭಾವ! ನಾವು ಹಾಕಿದ್ದೂ ಫಂಗಸ್ಸೇ ಅಲ್ವಾ?"

"ಗಿಡ ಸಾಯುವಾಗ ನೋಡ್ತಾ ಕೂರ್ಲಿಕ್ಕೆ ಆಗ್ತದಾ?" ಅವರ ದನಿಯೂ ಏರಿತು.

ಊಟಕ್ಕೂ ನಿಲ್ಲದೆ, ಶಿಲೀಂಧ್ರ ಹಾಕಿದ ಸಾಲಿನ ಒಂದು ಗಿಡದ ಬೇರು ಕಿತ್ತುಕೊಂಡು ಹೊರಟುಬಿಟ್ಟೆ. ಮರುದಿನ ಬೇರನ್ನು ಕುದಿಸಿ, ಶಿಲೀಂಧ್ರ ಎದ್ದು ಕಾಣಲೆಂದು ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಮೊದಲ ತುಂಡಿನಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಮತ್ತೊಂದು ಎಳೆಬೇರಿನಲ್ಲಿ ಮಾತ್ರ ನೀಲಿ ನೂಲುಗಳು ಜೀವಕೋಶಗಳ ಒಳಗೆ ನುಗ್ಗಿ ಕವಲೊಡೆದಿದ್ದವು.

ಭಾವನಿಗೆ ಫೋನು ಮಾಡಿದೆ. ಸಂಜೆಯೊಳಗೆ ಬಂದೇಬಿಟ್ಟರು. ಕನ್ನಡಕ ತೆಗೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

"ಇದೆಂತ, ಸಣ್ಣ ಸಣ್ಣ ಮರದ ಹಾಗೆ ಉಂಟಲ್ಲ! ಇದನ್ನಾ ನಾನು ಕೊಲ್ಲಲಿಕ್ಕೆ ಹೊರಟದ್ದು?"

"ಎಲ್ಲ ಸತ್ತಿಲ್ಲ," ಎಂದೆ.

ಕೀಳುವ ದಿನ ಶಿಲೀಂಧ್ರವಿದ್ದ ಸಾಲುಗಳಲ್ಲಿ ಗೆಡ್ಡೆಗಳು ತುಸು ದಪ್ಪಗಿದ್ದವು, ಉಳಿದವು ಗೋಲಿಯಷ್ಟು. ಮದ್ದು ಬೀಳದಿದ್ದರೆ ಇನ್ನೂ ಚೆನ್ನಾಗಿ ಬರುತ್ತಿತ್ತೋ, ಚುಕ್ಕಿರೋಗಕ್ಕೆ ಎಲ್ಲವೂ ಹೋಗುತ್ತಿತ್ತೋ, ನನಗೆ ಗೊತ್ತಾಗಲಿಲ್ಲ. ಅಕ್ಕ ಪಲ್ಯ ಮಾಡಿ ಬಡಿಸಿದಳು. ನಾನೂ ಭಾವನೂ ತಿನ್ನುತ್ತ ಅದನ್ನೇ ವಾದಿಸಿದೆವು.