ಇಪ್ಪತ್ತು ಮೀಟರಿನ ಗೆರೆ

ನಾನು ನಿಂತಿದ್ದು ಪುಣೆಯ ಕಾತ್ರಜದಲ್ಲಿ, ಹೆದ್ದಾರಿಯ ಕೆಳಗಿನ ಒಂದು ಶಾಲೆಯ ಮೈದಾನದಲ್ಲಿ, ಪಡುವಣ ಗೆರೆಯಿಂದ ಎರಡಡಿ ಆಚೆ. ಆಗ ಬೆಳಿಗ್ಗೆ ಒಂಬತ್ತು ಗಂಟೆ ಹದಿನೆಂಟು ನಿಮಿಷ. ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಇದನ್ನು ಮೊದಲೇ ಹೇಳುತ್ತೇನೆ. ಆಮೇಲೆ ಎಲ್ಲರೂ ನನ್ನನ್ನು ಕೇಳಿದ ಮೊದಲ ಪ್ರಶ್ನೆ, ನೀವು ಎಲ್ಲಿ ನಿಂತಿದ್ದಿರಿ ಎಂಬುದೇ ಆಗಿತ್ತು.

ಅದರ ಹಿಂದಿನ ದಿನ ಬೆಳಿಗ್ಗೆ ಆರಕ್ಕೆ ಧಾರವಾಡದ ಬಸ್ಸು ನನ್ನನ್ನು ಕಾತ್ರಜದಲ್ಲಿ ಇಳಿಸಿತ್ತು. ನಾನು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುವವನು. ಒಂಬತ್ತನೇ ತರಗತಿಯ ಮಕ್ಕಳು ಎಷ್ಟು ಓಡಬಲ್ಲರು, ಅವರ ದಮ್ಮು ಎಷ್ಟು ಹೊತ್ತು ತಡೆಯುತ್ತದೆ ಎಂದು ಅಳೆಯಲು ಬಂದಿದ್ದೆ. ಮೊದಲು ಈ ಶಾಲೆ, ಮೂರನೇ ದಿನ ತಳೇಗಾಂವ ದಾಭಾಡೆಯ ಇನ್ನೊಂದು. ಚೀಲದಲ್ಲಿ ಅಳತೆಯ ಟೇಪು, ಸುಣ್ಣದ ಪುಡಿ, ಒಂದು ಸ್ಪೀಕರು.

ಶಾಲೆಯ ಪಿ.ಟಿ. ಶಿಕ್ಷಕಿ ಪಾಟೀಲ ಮ್ಯಾಡಮ್ ಬೆಳಗಾವಿ ಕಡೆಯವರು. ಕನ್ನಡ ಕೇಳಿದ್ದೇ ತಡ, ಅವಲಕ್ಕಿ, ಚಹಾ ತರಿಸಿದರು. “ನಮ್ಮ ಹುಡುಗೂರು ಓಡೂದು ಬರೇ ಬಸ್ ಹಿಡ್ಯಾಕ್ರೀ ಸರ. ನಿಮ್ಮ ಗೆರಿ ಮುಟ್ಟಿದ್ರ ಪುಣ್ಯಾ,” ಎಂದು ನಕ್ಕರು.

ಪರೀಕ್ಷೆ ಸರಳ. ಇಪ್ಪತ್ತು ಮೀಟರು ದೂರದಲ್ಲಿ ಎರಡು ಗೆರೆ. ಸ್ಪೀಕರು ಬೀಪ್ ಎನ್ನುವುದರೊಳಗೆ ಆಚೆಯ ಗೆರೆ ಮುಟ್ಟಬೇಕು, ಮತ್ತೆ ಈಚೆಗೆ. ಬೀಪುಗಳ ನಡುವಿನ ಸಮಯ ಕಡಿಮೆಯಾಗುತ್ತ ಹೋಗುತ್ತದೆ. ಎರಡು ಸಲ ಗೆರೆ ತಪ್ಪಿದವರು ಹೊರಗೆ. ಓಡುವ ಮುನ್ನ ಪ್ರತಿ ಮಗುವೂ ಒಂದು ಹಾಳೆ ತುಂಬಬೇಕು: ಜ್ವರ ಇದೆಯೇ, ಉಬ್ಬಸ ಇದೆಯೇ, ಈ ಬೆಳಿಗ್ಗೆ ತಿಂಡಿ ತಿಂದಿದ್ದೀರಾ. ಆ ದಿನ ಎಲ್ಲರೂ ತುಂಬಿದರು, ನಾನು ಒಂದೊಂದಕ್ಕೂ ಸಹಿ ಹಾಕಿದೆ. ಕೊನೆಯ ಹಾಳೆಗೆ ಸಹಿ ಹಾಕುವಾಗ ಮಳೆ ಶುರುವಾಯಿತು. ಮೈದಾನ ರಾಡಿಯಾಯಿತು. ಓಟ ಮರುದಿನಕ್ಕೆ ಹೋಯಿತು.

ಮರುದಿನ ನಮಗೆ ಸಿಕ್ಕಿದ್ದು ಒಂದೇ ಪಿರಿಯಡ್. ಹಾಳೆಗಳನ್ನು ಮತ್ತೆ ತುಂಬಿಸಬೇಕು ಎಂದೆ. ಪಾಟೀಲ ಮ್ಯಾಡಮ್ ಗಡಿಯಾರ ನೋಡಿ, “ನಿನ್ನೆನ ಬರದಾರಲ್ರೀ ಸರ. ಒಂದ ದಿನದಾಗ ಏನ ಬದಲಾಗತದ?” ಎಂದರು. ನಾನು ಒಪ್ಪಿದೆ. ಆ ಬೆಳಿಗ್ಗೆ ಅವರು ನನಗೆ ಕೊಟ್ಟದ್ದು ಅವಲಕ್ಕಿಯಲ್ಲ, ಸಾಬೂದಾಣಿ ಖಿಚಡಿ. ಅದು ಸಂಕಷ್ಟಿ, ಅವರಿಗೆ ಉಪವಾಸ. ಧಾರವಾಡದ ನಮ್ಮ ಮನೆಯಲ್ಲೂ ಸಂಕಷ್ಟಿ ಹಿಡಿಯುತ್ತಾರೆ. ಖಿಚಡಿ ರುಚಿಯಾಗಿತ್ತು, ಎರಡನೆಯ ಸಲ ಹಾಕಿಸಿಕೊಂಡೆ. ಅದಕ್ಕಿಂತ ಮುಂದೆ ನಾನು ಯೋಚಿಸಲಿಲ್ಲ.

ಹುಡುಗಿಯರ ಗುಂಪಿನಲ್ಲಿ ಕೊನೆಗೆ ಉಳಿದವರು ಇಬ್ಬರು, ಸಾನಿಕಾ ಮತ್ತು ಅವಳ ಗೆಳತಿ ಅಂಕಿತಾ. ಸುತ್ತ ನಿಂತವರು ಸಾನಿಕಾಳ ಹೆಸರು ಹಿಡಿದು ಚಪ್ಪಾಳೆ ಹೊಡೆಯುತ್ತಿದ್ದರು. ಈ ಕೆಲಸದಲ್ಲಿ ಗೆರೆಯ ಬಳಿ ನಿಂತವನು ಪಾದ ನೋಡಬೇಕು, ಮುಖವಲ್ಲ. ನಾನು ಪಾದ ನೋಡುತ್ತಿದ್ದೆ. ಸಾನಿಕಾಳ ಬಿಳಿ ಬೂಟು ಒಂದು ಸಲ ಅಡ್ಡಕ್ಕೆ ಬಿತ್ತು. ಮುಂದಿನ ಸಲ ಗೆರೆಗೆ ಒಂದು ಗೇಣು ಕಡಿಮೆ ಬಿತ್ತು. “ಫಸ್ಟ್ ವಾರ್ನಿಂಗ್” ಎಂದು ಕೂಗಿದೆ, ಹಾಳೆಯಲ್ಲಿ ಬರೆದೆ. ಅವಳು ತಿರುಗಿ ಮೊದಲಿಗಿಂತ ಜೋರಾಗಿ ಓಡಿದಳು. ತಲೆ ಎತ್ತಿದಾಗ ಆಚೆಯ ಗೆರೆಯ ಮೇಲೆ ಅಂಗಾತ ಬಿದ್ದಿದ್ದಳು. ಸ್ಪೀಕರು ಬೀಪ್ ಎನ್ನುತ್ತಲೇ ಇತ್ತು.

ಅಂಕಿತಾ ಮರಾಠಿಯಲ್ಲಿ ಒಂದೇ ಮಾತು ಹೇಳುತ್ತಿದ್ದಳು, ಇವಳಿಗೆ ಉಪಾಸ, ನೀರೂ ಕುಡಿದಿಲ್ಲ. ಪಾಟೀಲ ಮ್ಯಾಡಮ್ ಸಾನಿಕಾಳ ಕಾಲು ಎತ್ತಿ ಹಿಡಿದರು. ಕಾವಲುಗಾರ ದಗಡೂಮಾಮಾ ರಸ್ತೆಗೆ ಓಡಿ ರಿಕ್ಷಾ ತಂದರು. ರಿಕ್ಷಾದವನು ಮೀಟರ್ ಹಾಕಲಿಲ್ಲ. ಹುಡುಗಿಯ ತಲೆ ನನ್ನ ತೊಡೆಯ ಮೇಲಿತ್ತು, ಆಗ ಮೊದಲ ಸಲ ಅವಳ ಮುಖ ನೋಡಿದೆ. ತುಟಿ ಬೆಳ್ಳಗಾಗಿತ್ತು.

ಆಸ್ಪತ್ರೆಯ ಬಾಗಿಲ ಹೊರಗೆ ನಾನು, ಪಾಟೀಲ ಮ್ಯಾಡಮ್ ಎರಡು ಗಂಟೆ ಕೂತೆವು. ಸಕ್ಕರೆ ತೀರ ಇಳಿದಿದೆ, ಹೃದಯವನ್ನೂ ನೋಡಬೇಕು ಎಂದಷ್ಟೇ ಹೇಳಿ ಡಾಕ್ಟರು ಅವಳ ಹಾಳೆ ಕೇಳಿದರು. ತಿಂಡಿ ಎಂಬಲ್ಲಿ ‘ಹೌದು’, ಕೆಳಗೆ ನನ್ನ ಸಹಿ. ಅವರು ಓದಿ ಹಾಳೆ ಹಿಂದಿರುಗಿಸಿದರು.

ಸಾನಿಕಾಳ ತಾಯಿ ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದರು. ಕೂಗಾಡಲಿಲ್ಲ. “ಪಳಾಯಚ್ಯಾ ಆಧೀ ತಿಲಾ ವಿಚಾರಲಂ ನಾಹೀ ಕಾ?” ಎಂದರು. ಓಡುವ ಮೊದಲು ಅವಳನ್ನು ಕೇಳಲಿಲ್ಲವೇ. ಪಾಟೀಲ ಮ್ಯಾಡಮ್ ಅದನ್ನು ಕನ್ನಡಕ್ಕೆ ತರಲಿಲ್ಲ, ತರುವ ಅಗತ್ಯವೂ ಇರಲಿಲ್ಲ. “ನಿನ್ನೆ ಕೇಳಿದ್ದೆವು,” ಎಂದೆ. ಮ್ಯಾಡಮ್ ಅದನ್ನು ಮರಾಠಿಗೂ ತರಲಿಲ್ಲ.

ಹನ್ನೊಂದೂವರೆ ದಾಟಿದ ಮೇಲೆ ನಮ್ಮನ್ನು ಒಳಗೆ ಬಿಟ್ಟರು. ಹೃದಯಕ್ಕೆ ಏನೂ ಆಗಿರಲಿಲ್ಲ. ಕೈಗೆ ಸಲೈನ್ ಹಾಕಿಸಿಕೊಂಡ ಸಾನಿಕಾ, ಅಂಕಿತಾಳಿಗಿಂತ ಒಂದು ಸುತ್ತಾದರೂ ಹೆಚ್ಚು ಓಡಿದೆನೇ ಎಂದು ಕೇಳಿದಳು. ಬಿದ್ದದ್ದು ಅವಳಿಗೆ ನೆನಪಿರಲಿಲ್ಲ. ವಾರ್ನಿಂಗ್ ಎಂದದ್ದು ಕೇಳಿಸಿತಂತೆ, ಎರಡನೆಯದು ಆಗಬಾರದೆಂದು ಓಡಿದಳಂತೆ.

ತಳೇಗಾಂವಕ್ಕೆ ನಾನು ಹೋಗಲಿಲ್ಲ. ಮರುದಿನ ಅವಳನ್ನು ಮನೆಗೆ ಕಳಿಸಿದರೆಂದು ತಿಳಿದ ಮೇಲೆ ಕಾತ್ರಜದಲ್ಲಿ ಮಧ್ಯಾಹ್ನದ ಬಸ್ಸು ಹತ್ತಿದೆ. ಹೆದ್ದಾರಿಯಿಂದ ಮೈದಾನ ಕಾಣುತ್ತದೆ. ಸುಣ್ಣದ ಎರಡು ಗೆರೆಗಳೂ ಹಾಗೆಯೇ ಇದ್ದವು. ಯಾರೋ ಮಕ್ಕಳು ಅವುಗಳ ನಡುವೆ ಲಗೋರಿ ಆಡುತ್ತಿದ್ದರು.

ಆ ದಿನ ಅಲ್ಲಿದ್ದವರಲ್ಲಿ ದಗಡೂಮಾಮಾ ಹೋದ ವರ್ಷ ತೀರಿಕೊಂಡರು. ಪಾಟೀಲ ಮ್ಯಾಡಮ್ ಇದ್ದಾರೆ, ಈಗ ಪ್ರತಿ ಬೆಳಿಗ್ಗೆ ಒಬ್ಬೊಬ್ಬರನ್ನೇ ನಿಲ್ಲಿಸಿ ಏನು ತಿಂದಿರಿ ಎಂದು ಕೇಳುತ್ತಾರಂತೆ. ಪಕ್ಕದಲ್ಲೇ ಓಡುತ್ತಿದ್ದ ಅಂಕಿತಾ ಇದ್ದಾಳೆ, ನನಗಿಂತ ಹತ್ತಿರದಿಂದ ನೋಡಿದವಳು. ಸಾನಿಕಾ ಏನನ್ನೂ ನೋಡಲಿಲ್ಲ, ನನ್ನ ಕೂಗು ಕೇಳಿದಳು ಅಷ್ಟೆ. ಅವಳೂ ಇದ್ದಾಳೆ.