ಕ್ಯಾಲೆಂಡರಿನ ಬೆನ್ನ ಮೇಲಿನ ಸಾಲ

ನನಗೊಂದು ಕೆಟ್ಟ ಚಾಳಿಯಿದೆ, ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಅಂಗಡಿಯಲ್ಲಿ ಧಾರಣೆ ಕೇಳದೆ ನಾನು ಒಂದು ತೆಂಗಿನಕಾಯಿಯನ್ನೂ ಕೊಳ್ಳುವವಳಲ್ಲ. ದೇವರಿಗೆ ಒಡೆಯುವ ಕಾಯಿಯಾದರೂ ಅಷ್ಟೇ. ಎಂಟಾಣೆ ಉಳಿದರೆ ಅದರಲ್ಲಿ ಕರ್ಪೂರ ಬರುತ್ತದೆ, ದೇವರೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಹತ್ತಿ ಮಿಲ್ಲಿನಲ್ಲಿ ಗುಮಾಸ್ತರಾಗಿರುವ ನಮ್ಮ ಮನೆಯವರು ನನ್ನ ಜೊತೆ ಸಂತೆಗೆ ಬರುವುದನ್ನು ಬಿಟ್ಟು ಬಹಳ ಕಾಲವಾಯಿತು. “ನೀ ಬದನಿಕಾಯಿ ತಗೊಳ್ಳಾಕ ಹೋದ್ರ ಗಿಡದ ಕುಲಗೋತ್ರ ಕೇಳ್ತಿ,” ಎನ್ನುತ್ತಾರೆ. ಇಂಥವಳು ಸಾಲ ತರಬೇಕಾಗಿ ಬಂದರೆ ಒಂದೇ ಬಾಗಿಲಲ್ಲಿ ಕೈ ಚಾಚಿ ಸುಮ್ಮನಾಗುತ್ತಾಳೆಯೇ?

ಸಾಲ ಬೇಕಾಗಿದ್ದು ಶಾವಿಗೆ ಮಷೀನಿಗೆ. ತೊಂಬತ್ತು ದಾಟಿ ಎರಡು ಮೂರು ವರ್ಷದ ಮಾತು. ಆ ವರ್ಷ ಯುಗಾದಿಯೂ ರಂಜಾನ್ ಹಬ್ಬವೂ ಒಂದೇ ವಾರದಲ್ಲಿ ಬಿದ್ದಿದ್ದವು. ನಮ್ಮ ಮಸ್ಕಿಯಲ್ಲಿ ಆಗ ಮೋಟಾರಿನ ಶಾವಿಗೆ ಮಷೀನು ಇರಲಿಲ್ಲ. ಕೈಯಲ್ಲೇ ಒತ್ತಬೇಕು, ಇಲ್ಲವೆ ನಾದಿದ ಹಿಟ್ಟನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿ ಸಿಂಧನೂರಿಗೆ ಹೋಗಿ ಪಾಳಿ ಹಚ್ಚಬೇಕು. ಪಕ್ಕದ ಮನೆಯ ಹುಸೇನಬಿ ಪ್ರತಿ ವರ್ಷ ನನ್ನ ಎದುರಿಗೆ ಕೂತು ಒತ್ತುವವಳು. ಯುಗಾದಿಗೆ ನಮ್ಮ ಶಾವಿಗೆ, ರಂಜಾನಿಗೆ ಅವಳ ಶಾವಿಗೆ. ಒಂದು ದಿನ ಒತ್ತುಮಣೆ ಬಿಟ್ಟು ಗೋಡೆಗೆ ಒರಗಿ, “ಅಕ್ಕಾ, ನನ್ನ ರಟ್ಟಿ ಬಿದ್ದುಹೋದ್ವು. ಮಷೀನ್ ಯಾರರ ತಂದ್ರ ಮಸ್ಕಿ ಹೆಣಮಕ್ಕಳು ಅವರ ಫೋಟೋ ಗ್ವಾಡಿಗೆ ಹಾಕ್ತಾರ ನೋಡು,” ಎಂದಳು. ಗೋಡೆಯ ಮೇಲಿನ ಫೋಟೋದ ಆಸೆಯೋ ಏನೋ, ಮುಂದಿನ ವಾರವೇ ನಾನು ಲಿಂಗಸುಗೂರಿನ ಮಹಬೂಬಸಾಬರ ಲೇತ್ ಅಂಗಡಿಯಲ್ಲಿದ್ದೆ. ಅವರು ಸ್ವಂತ ಕೈಯಿಂದ ಮಾಡಿದ ಮಷೀನು, ಹಸಿರು ಬಣ್ಣ, ಮೋಟಾರು ಸೇರಿ ನಾಲ್ಕು ಸಾವಿರ. ಸ್ವಿಚ್ ಒತ್ತಿದ ಕೂಡಲೇ ಶಾವಿಗೆ ಜಡೆ ಬಿಚ್ಚಿದ ಹಾಗೆ ಇಳಿಯಿತು. ನನಗೆ ಕಣ್ಣಲ್ಲಿ ನೀರು ಬಂತು.

ಅಕ್ಕಿ ಡಬ್ಬಿಯಲ್ಲಿ ಕೂಡಿಟ್ಟದ್ದು ಒಂದು ಸಾವಿರ ಇತ್ತು. ನೂರು ರೂಪಾಯಿ ಮುಂಗಡ ಕೊಟ್ಟೆ. “ಶಿವರಾತ್ರಿಮಟಾ ಇಡ್ತೀನ್ರೀ ಅಮ್ಮಾ,” ಎಂದರು ಸಾಬರು. “ಸಂತೆಕಲ್ಲೂರಿನವರೂ ಕೇಳ್ಯಾರ. ನೀವು ಬರಲಿಲ್ಲಂದ್ರ ಅವರಿಗೆ ಕೊಡ್ತೀನಿ.” ಹದಿನೈದು ದಿನ ಉಳಿದಿತ್ತು. ಅಷ್ಟರಲ್ಲಿ ಮೂರು ಸಾವಿರ ಸಿಗದಿದ್ದರೆ ಎರಡು ಹಬ್ಬವೂ ಕೈತಪ್ಪುತ್ತವೆ, ಮತ್ತೆ ಬರುವ ವರ್ಷದವರೆಗೆ ನನ್ನ ರಟ್ಟೆಯೇ ಗತಿ.

ಇಲ್ಲಿ ತಿರುಪತಿ ತಿಮ್ಮಪ್ಪನ ನೆನಪಾಗದೆ ಇರುವುದಿಲ್ಲ. ಮದುವೆಗೆಂದು ಕುಬೇರನ ಹತ್ತಿರ ಸಾಲ ಮಾಡಿದ, ಇಂದಿಗೂ ಬಡ್ಡಿ ತೀರಿಲ್ಲ, ಅದಕ್ಕೇ ನಾವೆಲ್ಲ ಹುಂಡಿಗೆ ಹಾಕುವುದು ಎನ್ನುತ್ತಾರೆ. ನನಗೆ ಅವನ ಮೇಲೆ ಭಕ್ತಿ ಎಷ್ಟಿದೆಯೋ ಅಷ್ಟೇ ಕನಿಕರವೂ ಇದೆ. ಮದುವೆಯ ಗಡಿಬಿಡಿ, ಪಾಪ, ಒಬ್ಬನನ್ನೇ ಕೇಳಿದ. ಇನ್ನೂ ಮೂರು ಕಡೆ ವಿಚಾರಿಸಿದ್ದರೆ ಕುಬೇರ ತಾನಾಗಿ ಬಡ್ಡಿ ಇಳಿಸುತ್ತಿದ್ದ. ದೇವರು ಮಾಡಿದ ತಪ್ಪನ್ನು ನಾನು ಮಾಡಬಾರದೆಂದು ಹಳೆಯ ವರ್ಷದ ಲಕ್ಷ್ಮಿ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ, ಅದರ ಬೆನ್ನ ಮೇಲೆ ಗೆರೆ ಎಳೆದು ಮನೆ ಬರೆದೆ. ಬಡ್ಡಿ, ಒತ್ತೆ, ಜಾಮೀನು, ಎಷ್ಟು ದಿನಕ್ಕೆ ಕೈಗೆ. ಕೊನೆಗೆ ನನ್ನದೇ ಒಂದು ಮನೆ ಸೇರಿಸಿದೆ, ನೀರು. ಬಾಗಿಲಿಗೆ ಹೋದವಳಿಗೆ ನೀರು ಬೇಕೇ ಎಂದು ಕೇಳಿದರೋ ಇಲ್ಲವೋ ಎಂದು. ನೀರು ಕೇಳದವರು ವಸೂಲಿಗೆ ಬಂದಾಗ ಹೇಗೆ ಮಾತಾಡುತ್ತಾರೆ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಖರೇ ಹೇಳಬೇಕೆಂದರೆ ಆ ದಿನಗಳು ನನಗೆ ಜಾತ್ರೆಯ ಹಾಗಿದ್ದವು. ಬೆಳಿಗ್ಗೆ ರೊಟ್ಟಿ ಬಡಿದು, ಪೂಜೆ ಮುಗಿಸಿ, ಇಳಕಲ್ಲ ಸೀರೆ ಉಟ್ಟು ಹೊರಟೆನೆಂದರೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಸ್ಸಿನಲ್ಲಿ ಎರಡು ಸಲ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಅದೂ ದೇವರ ದಯೆಯೇ. ಊರಿನ ಸಾಹುಕಾರರ ಮನೆಗೆ ಮೊದಲು ಹೋದೆ. ಅವರು ನನ್ನ ಮುಖ ನೋಡಲಿಲ್ಲ, ಕೊರಳು ನೋಡಿದರು. “ಬೋರಮಳ ಎಷ್ಟು ತೊಲಿ ಐತಿ?” ಅದು ನಮ್ಮವ್ವ ಹಾಕಿದ್ದು, ಕೊರಳಿಂದ ಇಳಿಯುವುದಿಲ್ಲ ಎಂದೆ. ನೀರೂ ಇಲ್ಲ, ಸಾಲವೂ ಇಲ್ಲ. ಓಣಿಯ ಚೀಟಿಯಲ್ಲಿ ನನ್ನ ಪಾಳಿ ಬರಲು ಇನ್ನೂ ಏಳು ತಿಂಗಳಿತ್ತು. ಸಿಂಧನೂರಿನ ಒಂದು ಬ್ಯಾಂಕಿನಲ್ಲಿ ಸಾಹೇಬರು ಒಳ್ಳೆಯವರು, ನೀರು ತರಿಸಿದರು. ಬಡ್ಡಿಯೂ ಎಲ್ಲರಿಗಿಂತ ಕಡಿಮೆ. ಆದರೆ ಇಬ್ಬರು ಜಾಮೀನುದಾರರು ಬೇಕು, ಹೊಲದ ಪಹಣಿ ಬೇಕು.

“ಹೊಲ ಇಲ್ರೀ ಸಾಹೇಬ್ರ.”

“ಹಂಗಾದ್ರ ಎಮ್ಮಿ ಸಾಲ ತಗೊಳ್ರಿ, ಈ ತಿಂಗಳು ಅದು ಲಗೂನ ಆಗತೈತಿ.”

“ಎಮ್ಮಿ ಶಾವಿಗಿ ಒತ್ತಂಗಿಲ್ರೀ,” ಎಂದೆ. ಅವರೂ ನಕ್ಕರು, ಪಕ್ಕದ ಮೇಜಿನವರೂ ನಕ್ಕರು. ಅರ್ಜಿ ಮಾತ್ರ ಯುಗಾದಿ ದಾಟಿದ ಮೇಲೆ ನೋಡುವುದಾಗಿ ಹೇಳಿದರು.

ಕೊನೆಗೆ ಕಣ್ಣಿಗೆ ಬಿದ್ದದ್ದು ಸಿಂಧನೂರಿನಲ್ಲೇ ಬಟ್ಟೆ ಅಂಗಡಿಯ ಮಾಳಿಗೆಯ ಮೇಲಿದ್ದ ಒಂದು ಫೈನಾನ್ಸು. ಕಾಲುವೆ ನೀರು ಬಂದಾಗ ಆಂಧ್ರದಿಂದ ಬಂದು ನೆಲೆಸಿದ ರಾವ್ ಎಂಬವರು ನಡೆಸುತ್ತಿದ್ದರು. ಒತ್ತೆ ಬೇಡ, ಜಾಮೀನು ಬೇಡ, ಮರುದಿನವೇ ರೊಕ್ಕ, ವಾರಕ್ಕೊಮ್ಮೆ ಮನೆ ಬಾಗಿಲಿಗೇ ಬಂದು ಕಂತು ಒಯ್ಯುತ್ತಾರೆ. ಬಡ್ಡಿ ಬ್ಯಾಂಕಿಗಿಂತ ತುಸು ಹೆಚ್ಚು, ಸಾಹುಕಾರರಿಗಿಂತ ಎಷ್ಟೋ ಕಡಿಮೆ. ನೀರಲ್ಲ, ಚಹಾ ಕೊಟ್ಟರು! ಕ್ಯಾಲೆಂಡರಿನ ಬೆನ್ನ ಮೇಲೆ ಅವರಿಗೆ ಎಲ್ಲ ಮನೆಯಲ್ಲೂ ಸರಿ ಗುರುತು ಹಾಕಿ, ಶಿವರಾತ್ರಿಗೆ ಎರಡು ದಿನ ಇರುವಾಗ ಸಹಿ ಮಾಡಲು ಹೋದೆ.

ನಮ್ಮೂರ ಗುಡ್ಡದ ಬಂಡೆಯ ಮೇಲೆ ಹಿಂದಿನ ಕಾಲದ ಚಕ್ರವರ್ತಿಯೊಬ್ಬ ತನ್ನ ಮಾತನ್ನು ಕೆತ್ತಿಸಿಟ್ಟಿದ್ದಾನೆ. ಅಷ್ಟು ದೊಡ್ಡ ಅರಸನೂ ಹೇಳುವುದನ್ನು ಹತ್ತು ಮಂದಿಗೆ ಕಾಣುವ ಹಾಗೆ ಹೇಳಿದ. ಸಾಲದ ಕಾಗದದವರು ಮಾತ್ರ ಮುಖ್ಯವಾದದ್ದನ್ನು ಅಂಚಿನಲ್ಲಿ ಇರುವೆಯ ಸಾಲಿನ ಹಾಗೆ ಬರೆಯುತ್ತಾರೆ. ಕನ್ನಡಕ ಏರಿಸಿ ಆ ಇರುವೆಗಳನ್ನು ಒಂದೊಂದಾಗಿ ಓದುತ್ತಾ ಹೋದವಳು ಒಂದು ಕಡೆ ನಿಂತೆ. ಸೋಮವಾರ ಜವಳಗೇರಾ, ಬುಧವಾರ ವಳಕಮದಿನ್ನಿ, ಶುಕ್ರವಾರ ಮಸ್ಕಿ.

“ಶುಕ್ರವಾರ ವಸೂಲಿಯೇನ್ರೀ?”

“ಹೌದಮ್ಮಾ. ಮಸ್ಕಿ ಲೈನ್ ಶುಕ್ರವಾರಮೇ.”

ಈಗ ನೀವು ನಗಬಹುದು. ನಮ್ಮ ಮನೆಯಲ್ಲಿ ಶುಕ್ರವಾರ ದುಡ್ಡು ಹೊಸ್ತಿಲು ದಾಟುವುದಿಲ್ಲ. ನಮ್ಮ ಅತ್ತೆಯ ಕಾಲದಿಂದ ಹಾಲಿನವನಿಗೂ ಶನಿವಾರವೇ ಲೆಕ್ಕ. ಲಕ್ಷ್ಮಿ ಬರುವ ದಿನ ಅವಳನ್ನೇ ಎದುರಿಗೆ ಬಂದವರ ಕೈಗೆ ಕೊಟ್ಟು ಕಳಿಸುವುದು ಹೇಗೆ? ಗುರುವಾರ ಬನ್ನಿ, ಶನಿವಾರ ಬನ್ನಿ, ಬೇಕಾದರೆ ನಾನೇ ಬಸ್ಸಿಗೆ ಬಂದು ಕೊಡುತ್ತೇನೆ ಎಂದೆಲ್ಲ ಹೇಳಿ ನೋಡಿದೆ.

“ಒಬ್ಬರ ಸಲುವಾಗಿ ಲೈನ್ ತಿರುಗಿಸಾಕ ಆಗಲ್ಲಮ್ಮಾ,” ಎಂದರು ರಾವ್. ಆಮೇಲೆ ಜಾಣತನದಿಂದ ನಕ್ಕು, “ಒಂದು ಕೆಲಸ ಮಾಡ್ರಿ. ಗುರುವಾರ ರೊಕ್ಕ ಪಕ್ಕದ ಮನ್ಯಾಗ ಇಟ್ಟುಬಿಡ್ರಿ. ಶುಕ್ರವಾರ ಅವರು ಕೊಡ್ತಾರ. ನಿಮ್ಮ ಲಕ್ಷ್ಮಿಗೆ ಏನು ಗೊತ್ತಾಗತೈತಿ?”

ಒಂದು ಗಳಿಗೆ ನನ್ನ ಕೈ ಪೆನ್ನಿನ ಕಡೆ ಹೋಯಿತು, ಸುಳ್ಳೇಕೆ ಹೇಳಲಿ. ಹಸಿರು ಮಷೀನು ಕಣ್ಣ ಮುಂದೆ ಬಂತು. ಹುಸೇನಬಿಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆದರೆ ದೇವರ ಮುಂದೆ ವಕೀಲಿ ಮಾಡುವುದು ನನಗೆ ಬರುವುದಿಲ್ಲ. ಕೈ ಹಿಂತೆಗೆದು ಎದ್ದೆ. ಬೆಂಚಿನ ಮೇಲೆ ಕೂತಿದ್ದ ಒಬ್ಬಾಕೆ, “ಪುಕ್ಕಟೆ ಸಿಗೋ ರೊಕ್ಕ ಬಿಟ್ಟು ಹೊಂಟಾಳ ನೋಡ್ರಿ,” ಎಂದದ್ದು ಮೆಟ್ಟಿಲು ಇಳಿಯುವಾಗಲೂ ಕೇಳಿಸಿತು. ಮನೆಯಲ್ಲಿ ನಮ್ಮವರು ತಲೆ ಚಚ್ಚಿಕೊಂಡರು. “ಮೂರು ಊರು ತಿರುಗಿ, ಸಿಕ್ಕಿದ್ದನ್ನೂ ಬಿಟ್ಟು ಬಂದಿಯಲ್ಲಲೇ!”

ಶಿವರಾತ್ರಿ ಆ ವರ್ಷ ಶುಕ್ರವಾರವೇ ಬಿದ್ದಿತ್ತು. ಗುರುವಾರ ಲಿಂಗಸುಗೂರಿಗೆ ಹೋದೆ, ಮುಂಗಡದ ನೂರು ರೂಪಾಯಿ ವಾಪಸು ಕೇಳಲು. ಮಷೀನಿನ ಕಡೆ ನೋಡಬಾರದೆಂದು ನೆಲ ನೋಡುತ್ತಾ ನಿಂತೆ. ಮಹಬೂಬಸಾಬರು ಸ್ಟೂಲು ಒರೆಸಿ ಕೊಟ್ಟರು, ಚಹಾಕ್ಕೆ ಹೇಳಿದರು.

“ಸಾಲ ಸಿಗಲಿಲ್ಲೇನ್ರೀ ಅಮ್ಮಾ?”

“ಸಿಕ್ಕಿತ್ರೀ. ವಾರ ಕೂಡಿಬರಲಿಲ್ಲ.” ನಡೆದದ್ದನ್ನೆಲ್ಲ ಹೇಳಿದೆ. ಪಕ್ಕದ ಮನೆಯ ಉಪಾಯವನ್ನೂ ಮುಚ್ಚಿಡಲಿಲ್ಲ.

ಅವರು ಬಹಳ ಹೊತ್ತು ನಕ್ಕರು. ಆಮೇಲೆ ಕೈಯ ಎಣ್ಣೆ ಒರೆಸಿಕೊಂಡು, “ಶುಕ್ರವಾರ ನಮ್ಮ ದುಕಾನೂ ಬಂದ್ ಇರತೈತ್ರೀ, ನಮಾಜಿಗೆ ಹೋಗ್ತೀನಿ,” ಎಂದರು. “ಮೊದಲ ದಿನ ನನ್ನನ್ನ ಯಾಕ ಕೇಳಲಿಲ್ಲ? ಬಡ್ಡಿ ತಗೊಳ್ಳೋದು ನಮ್ಮಲ್ಲಿ ಇಲ್ಲ. ನಾಲ್ಕು ಸಾವಿರ ಅಂದ್ರ ನಾಲ್ಕು ಸಾವಿರ. ಈಗ ಇದ್ದಷ್ಟು ಕೊಡ್ರಿ, ಉಳಿದದ್ದು ತಿಂಗಳಿಗೆ ಮುನ್ನೂರರಂತೆ ಕಿಸ್ತು. ಯಾವ ವಾರ ಕೊಡ್ತೀರಿ?”

“ಗುರುವಾರ,” ಎಂದೆ. “ಆದ್ರ ಜಾಮೀನು ಯಾರೂ ಇಲ್ರೀ.”

“ಯಾರಿಗೂ ಕಾಣದ ಶುಕ್ರವಾರಕ್ಕ ಅಂಜಿ ಸಾಲ ಬಿಟ್ಟು ಬಂದವರು ನನ್ನ ಗುರುವಾರ ತಪ್ಪಸ್ತೀರೇನು? ಏಳ್ರಿ, ಮಷೀನ್ ಬಸ್ಸಿನ ಮ್ಯಾಲ ಹೇರಸ್ತೀನಿ.”

ಹಾಗೆ ಮಷೀನು ಬಸ್ಸಿನ ತಲೆಯ ಮೇಲೆ, ನಾನು ಕೆಳಗೆ, ಮಸ್ಕಿಗೆ ಬಂದೆವು. ಪ್ರತಿ ನಿಲ್ದಾಣದಲ್ಲೂ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಅದು ಇದೆಯೋ ಇಲ್ಲವೋ ನೋಡಿದೆ. ಹುಸೇನಬಿ ಅದಕ್ಕೆ ದೃಷ್ಟಿ ತೆಗೆದಳು, ನಾನು ಕುಂಕುಮ ಹಚ್ಚಿದೆ. ಮುಂದಿನ ಒಂದು ತಿಂಗಳು ನಮ್ಮ ಅಂಗಳದ ಹಗ್ಗಗಳ ಮೇಲೆ ಎರಡು ಹಬ್ಬದ ಶಾವಿಗೆ ಒಟ್ಟಿಗೆ ಒಣಗಿತು. ಯಾವುದು ಯಾರ ಹಬ್ಬದ್ದೆಂದು ಕಾಗೆಗಳಿಗೂ ತಿಳಿಯಲಿಲ್ಲ. ನಮ್ಮ ಫೋಟೋ ಮಾತ್ರ ಯಾರೂ ಗೋಡೆಗೆ ಹಾಕಲಿಲ್ಲ.

ಮಷೀನು ತಂದ ದಿನವೇ ಕ್ಯಾಲೆಂಡರಿನ ಬೆನ್ನ ಮೇಲೆ ಕೊನೆಯ ಸಾಲು ಬರೆದೆ. ಮಹಬೂಬಸಾಬರು. ಬಡ್ಡಿ ಇಲ್ಲ, ಒತ್ತೆ ಇಲ್ಲ, ಅದೇ ದಿನ ಕೈಗೆ, ಚಹಾ. ಜಾಮೀನಿನ ಮನೆಗೆ ಬಂದಾಗ ತುಸು ಯೋಚಿಸಿ ‘ಶುಕ್ರವಾರ’ ಎಂದು ಬರೆದೆ. ಹಿಂದಿನಿಂದ ಇಣುಕಿದ ನಮ್ಮವರು, “ಈ ಜಾಮೀನುದಾರ ಸಹಿ ಮಾಡ್ಯಾನೇನು?” ಎಂದು ಚಾಷ್ಟಿ ಮಾಡಿದರು.

“ಸಹಿ ಯಾಕ್ರೀ?” ಎಂದು ಲಕ್ಷ್ಮಿಯನ್ನು ಮುಂದು ಮಾಡಿ ಕ್ಯಾಲೆಂಡರನ್ನು ಮೊಳೆಗೆ ತೂಗುಹಾಕಿದೆ. “ವಾರ ವಾರ ತಾನ ಮನೀಗೆ ಬಂದು ನೋಡಿಕೊಂಡು ಹೋಗ್ತಾನ.”